ಆರನೇ ತರಗತಿಗೇ ಮುಗಿದ ಓದು

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಆರನೇ ತರಗತಿಯಲ್ಲಿದ್ದ ಹುಡುಗಿಗೆ ಈಗ, ನಮ್ಮ ಲೆಕ್ಕದಲ್ಲಿ, ಪಿಯುಸಿಗೆ ಸೇರುವ ವಯಸ್ಸು. ಅವಳಿನ್ನೂ ಏಳನೇ ತರಗತಿಯ ಮುಖ ಕಂಡಿಲ್ಲ. 2022ರ ಮಾರ್ಚ್ 23ರಂದು ಶಾಲೆ ತೆರೆಯುತ್ತದೆ ಎಂದು ಸರ್ಕಾರವೇ ಸಾರಿತ್ತು. ಸಮವಸ್ತ್ರ ತೊಟ್ಟು ಬಂದ ಹುಡುಗಿಯರು ತರಗತಿಯಲ್ಲಿ ಕೂತದ್ದೂ ಆಗಿತ್ತು. ಕೆಲವೇ ಗಂಟೆಗಳಲ್ಲಿ ಎಬ್ಬಿಸಿ ಮನೆಗೆ ಕಳಿಸಿದರು. ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಯುನಿಸೆಫ್ 2025ರ ಮಾರ್ಚ್‌ನಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಓದಿನಿಂದ ಹೊರಗುಳಿದ ಅಫ್ಗನ್ ಹೆಣ್ಣುಮಕ್ಕಳು 22 ಲಕ್ಷ. ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯನ್ನು ಕಾನೂನಿನಿಂದಲೇ ನಿಷೇಧಿಸಿದ ದೇಶ ಜಗತ್ತಿನಲ್ಲಿ ಇನ್ನೊಂದಿಲ್ಲ.

ಈ ನಿಷೇಧದ ತರ್ಕ ಎಲ್ಲಿಗೆ ಮುಟ್ಟಿದೆ ನೋಡಿ. ಅಲ್ಲಿನ ಕೆಲವು ಪ್ರಾಂತ್ಯಗಳಲ್ಲಿ ಗಂಡು ವೈದ್ಯರು ಹೆಂಗಸರಿಗೆ ಚಿಕಿತ್ಸೆ ಕೊಡುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಮತ್ತು ಹೆರಿಗೆ ದಾದಿಯರ ತರಬೇತಿಗೂ ಹೆಣ್ಣುಮಕ್ಕಳು ಬರಕೂಡದು ಎಂದು ಅಪ್ಪಣೆಯಾಯಿತು. ಗಂಡು ಮುಟ್ಟಬಾರದು, ಹೆಣ್ಣು ಕಲಿಯಬಾರದು. ಹೆರಿಗೆ ನೋವು ತಿನ್ನುತ್ತಿರುವವಳು ಯಾರನ್ನು ಕರೆಯಬೇಕು? ಹೆರಿಗೆ ಸಾವುಗಳಿಗೆ ಜಗತ್ತಿನಲ್ಲೇ ಕುಖ್ಯಾತವಾಗಿದ್ದ ಆ ದೇಶ 2002ರ ನಂತರ ಹಳ್ಳಿ ಹೆಣ್ಣುಮಕ್ಕಳಿಗೇ ದಾದಿ ತರಬೇತಿ ಕೊಟ್ಟು ಸಾವಿರಾರು ಬಾಣಂತಿಯರನ್ನು ಉಳಿಸಿಕೊಂಡಿತ್ತು. ಆ ಕಷ್ಟದ ಫಲಕ್ಕೂ ಈಗ ಕೊಡಲಿ ಬಿದ್ದಿದೆ.

ಇದೆಲ್ಲ ಗೊತ್ತಿರುವ ಸಂಗತಿಯೇ. ಹೆಚ್ಚು ದಿಗಿಲು ಹುಟ್ಟಿಸುತ್ತಿರುವುದು ಜಗತ್ತು ಇದಕ್ಕೆ ಒಗ್ಗಿಕೊಳ್ಳುತ್ತಿರುವ ವೇಗ. 2025ರ ಜುಲೈನಲ್ಲಿ ರಷ್ಯಾ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ತಾಲಿಬಾನಿನ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಾಕಿ ದೆಹಲಿಗೆ ಬಂದರು; ಮೊದಲ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರನ್ನು ಒಳಗೇ ಬಿಡಲಿಲ್ಲ, ಗದ್ದಲವೆದ್ದ ಮೇಲೆ ಎರಡನೆಯದಕ್ಕೆ ಕರೆದರು. ಕಾಬೂಲಿನ ನಮ್ಮ ಕಚೇರಿ ಮತ್ತೆ ರಾಯಭಾರ ಕಚೇರಿಯಾಯಿತು. ರಾಜತಂತ್ರಕ್ಕೆ ಅದರದೇ ಅನಿವಾರ್ಯಗಳಿರುತ್ತವೆ, ಒಪ್ಪೋಣ. ಆದರೆ ಕೈಕುಲುಕಿದ ಮೇಲೆ ನಾವು ಏನನ್ನಾದರೂ ಕೇಳಿದೆವೇ?

ತಾಲಿಬಾನಿನ ಮೊದಲ ಆಳ್ವಿಕೆಯಲ್ಲೂ ಅಫ್ಗನ್ ಹೆಂಗಸರು ಸುಮ್ಮನೆ ಕೂತಿರಲಿಲ್ಲ. ಹೆರಾತ್ ನಗರದಲ್ಲಿ ‘ಚಿನ್ನದ ಸೂಜಿ’ ಎಂಬ ಹೊಲಿಗೆ ಶಾಲೆಯಿತ್ತು. ಚೀಲದ ಮೇಲುಗಡೆ ಬಟ್ಟೆ, ದಾರ; ತಳದಲ್ಲಿ ನೋಟ್‌ಬುಕ್. ಅಂಗಳದಲ್ಲಿ ಮಕ್ಕಳು ಆಡುತ್ತಲೇ ಕಾವಲು ಕಾಯುತ್ತಿದ್ದವು. ಒಳಗೆ ನಡೆಯುತ್ತಿದ್ದದ್ದು ಸಾಹಿತ್ಯದ ಪಾಠ. ಸಕೀನಾ ಯಾಕೂಬಿ 1995ರಲ್ಲಿ ಕಟ್ಟಿದ ಸಂಸ್ಥೆ ಅದೇ ಕಾಲದಲ್ಲಿ 80 ಗುಪ್ತ ಶಾಲೆಗಳನ್ನು ನಡೆಸಿ 3,000 ಹುಡುಗಿಯರಿಗೆ ಅಕ್ಷರ ಕಲಿಸಿತು. ಊರಿನವರು ಜಾಗ ಕೊಟ್ಟರು, ಹೊರಗಿನವರು ಸಂಬಳ, ಪುಸ್ತಕಕ್ಕೆ ಹಣ ಹೊಂದಿಸಿದರು. ಎರಡರಲ್ಲಿ ಒಂದು ತಪ್ಪಿದ್ದರೂ ಆ ಶಾಲೆಗಳು ಉಳಿಯುತ್ತಿರಲಿಲ್ಲ.

ಇಂದಿಗೂ ಮನೆಶಾಲೆಗಳಿವೆ. ಹುಡುಗಿಯರು ಗುಂಪಾಗಿ ಬಂದರೆ ಬೀದಿಯ ಕಣ್ಣಿಗೆ ಬೀಳುತ್ತದೆಂದು ಒಬ್ಬೊಬ್ಬರೇ ಬರುತ್ತಾರೆ. 2021ರ ಮಹಿಳಾ ದಿನದಂದು ಕಾಬೂಲಿನಲ್ಲಿ ಶುರುವಾದ ರೇಡಿಯೊ ಬೇಗಂ ಶಾಲಾ ಪಾಠಗಳನ್ನು ಬಿತ್ತರಿಸುತ್ತದೆ. ಅದರ ಸೋದರ ವಾಹಿನಿ ಪ್ಯಾರಿಸ್‌ನಿಂದ ಉಪಗ್ರಹದ ಮೂಲಕ ಅದೇ ಕೆಲಸ ಮಾಡುತ್ತಿದೆ. 2025ರ ಫೆಬ್ರವರಿಯಲ್ಲಿ ತಾಲಿಬಾನಿಗಳು ರೇಡಿಯೊ ಕಚೇರಿಗೆ ನುಗ್ಗಿ ಬಾಯಿ ಮುಚ್ಚಿಸಿದರು. ಅದೇ ತಿಂಗಳು ಮತ್ತೆ ಬಾಯಿ ತೆರೆಯಿತು, ಷರತ್ತುಗಳೊಂದಿಗೆ.

ಊರಿನವರ ಧೈರ್ಯ ಇನ್ನೂ ಬತ್ತಿಲ್ಲ. ಬತ್ತುತ್ತಿರುವುದು ಹೊರಗಿನ ಹಣ. ಅಮೆರಿಕ 2025ರಲ್ಲಿ ನೆರವಿನ ಕೈ ಹಿಂದೆಗೆದುಕೊಂಡಿತು. ಅದರ ವಿದ್ಯಾರ್ಥಿವೇತನ ನಂಬಿ ಒಮಾನ್‌ನಲ್ಲಿ ಓದುತ್ತಿದ್ದ 80ಕ್ಕೂ ಹೆಚ್ಚು ಅಫ್ಗನ್ ಯುವತಿಯರಿಗೆ ಊರಿಗೆ ಮರಳುವ ಭಯ ಕಾಡಿತು. ಅದೇ ವರ್ಷ ಇರಾನ್, ಪಾಕಿಸ್ತಾನಗಳಿಂದ 20 ಲಕ್ಷಕ್ಕೂ ಹೆಚ್ಚು ಅಫ್ಗನ್ನರು ಮರಳಿದರು, ಬಹುಮಂದಿ ಹೊರದಬ್ಬಿಸಿಕೊಂಡು. ಅಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯರೂ ಈ ಸಾಲಿನಲ್ಲಿದ್ದರು. ಒಲೆ ಹೊತ್ತದ ಮನೆಗೆ ಮಗಳ ಮದುವೆಯಲ್ಲಿ ಗಂಡಿನ ಕಡೆಯವರು ಕೊಡುವ ಹಣವೇ ಕೊನೆಯ ಆದಾಯ. ಫೀಸಿಲ್ಲದ ಮನೆಶಾಲೆ ಅಂಥ ಮದುವೆಯನ್ನು ಒಂದೆರಡು ವರ್ಷ ಮುಂದೂಡುತ್ತದೆ, ಅದೂ ದೊಡ್ಡದೇ.

ಇನ್ನು ನಮ್ಮ ಪಾಲು. ಮೈಸೂರು, ಬೆಂಗಳೂರಿನ ಕಾಲೇಜುಗಳಿಗೆ ಅಫ್ಗನ್ ವಿದ್ಯಾರ್ಥಿಗಳು ಹೊಸಬರಲ್ಲ. ಆದರೆ 2021ರ ಆಗಸ್ಟ್‌ನಲ್ಲಿ ಭಾರತದ ಹೊರಗಿದ್ದ ಅಫ್ಗನ್ನರ ವೀಸಾಗಳನ್ನೆಲ್ಲ ದೆಹಲಿ ರದ್ದು ಮಾಡಿತು. ಕೋವಿಡ್ ಕಾಲದಲ್ಲಿ ಊರಿಗೆ ಹೋದವರು ಅರ್ಧ ಡಿಗ್ರಿ ಹಿಡಿದು ಅಲ್ಲೇ ಸಿಕ್ಕಿಬಿದ್ದರು. ಆಮೇಲೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ (ಐಸಿಸಿಆರ್) ಆನ್‌ಲೈನ್ ಪದವಿಗೆ ವಿದ್ಯಾರ್ಥಿವೇತನ ಕೊಡತೊಡಗಿದೆ, ಹೆಣ್ಣುಮಕ್ಕಳೂ ಅದನ್ನು ಬಳಸಿಕೊಂಡಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಪದವಿಗೆ ಸೇರಲು ಹನ್ನೆರಡನೇ ತರಗತಿ ಪಾಸಾಗಿರಬೇಕು, 2021ಕ್ಕೆ ಮುಂಚೆ ಪಾಸಾದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಇಡೀ ದೇಶದ ಇಂಟರ್ನೆಟ್ಟನ್ನು ಎರಡು ದಿನ ಕಡಿದುಹಾಕಿ, ಆನ್‌ಲೈನ್ ಪಾಠ ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿದೆ ಎಂಬುದನ್ನೂ ತಾಲಿಬಾನ್ ತೋರಿಸಿತು.

ಹಾಗಾಗಿ ಹಣ ಹೋಗಬೇಕಾದದ್ದು ಏಳರಿಂದ ಹನ್ನೆರಡನೇ ತರಗತಿಗೆ: ಮನೆಶಾಲೆಯ ಟೀಚರ್ ಸಂಬಳಕ್ಕೆ, ಮುದ್ರಿತ ಪುಸ್ತಕಕ್ಕೆ, ದರಿ ಮತ್ತು ಪಶ್ತೊ ಭಾಷೆಯ ರೇಡಿಯೊ, ಉಪಗ್ರಹ ಪಾಠಗಳಿಗೆ. ಅದರ ಜೊತೆಗೆ ಪರೀಕ್ಷೆ ಬೇಕು. ಶಾಲೆಯ ಮೆಟ್ಟಿಲು ಹತ್ತದವರಿಗೂ ಹತ್ತು, ಹನ್ನೆರಡರ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ನಮ್ಮಲ್ಲಿದೆ, ವಿದೇಶಗಳಲ್ಲೂ ಅದರ ಕೇಂದ್ರಗಳಿವೆ. ಅಫ್ಗನ್ ಹುಡುಗಿಯರಿಗೆ ಅವರ ಭಾಷೆಯಲ್ಲಿ, ಮನೆಯಿಂದಲೇ ಬರೆಯಬಹುದಾದ ಪರೀಕ್ಷೆಯೊಂದನ್ನು ರೂಪಿಸಲು ಕೇಂದ್ರ ಶಿಕ್ಷಣ ಸಚಿವಾಲಯಕ್ಕೆ ಕಾಬೂಲಿನ ಅನುಮತಿ ಬೇಕಿಲ್ಲ. ಆ ಅಂಕಪಟ್ಟಿ ಕೈಗೆ ಸಿಗದಿದ್ದರೆ ಇನ್ನು ಕೆಲವು ವರ್ಷಗಳಲ್ಲಿ ಐಸಿಸಿಆರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಅಲ್ಲಿ ಹುಡುಗಿಯರೇ ಸಿಗಲಾರರು.