‘ಯಾಕೆ ಕಲಿಯುತ್ತಿ?’ ಎಂದು ನಾವು ಕೇಳಲೇ ಇಲ್ಲ

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಐದರಿಂದ ಏಳನೆಯ ತರಗತಿಯವರೆಗೆ ನಮ್ಮ ಕನ್ನಡ ಶಾಲೆಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡವಳು. ಈಗ ಕಾಸರಗೋಡಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ., ಕೊನೆಯ ವರ್ಷ. ಇಲ್ಲಿ ಕಲಿತದ್ದು ಒಟ್ಟು ಭೂವಿಜ್ಞಾನ, ಆಕೆಗೆ ಬೇಕಾದದ್ದು ನೆಲದಡಿಯ ನೀರಿನ ವಿದ್ಯೆ. ಅದಕ್ಕಾಗಿ ಜರ್ಮನಿಯ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕುವ ಕೆಲಸದಲ್ಲಿ ಒಂದು ವರ್ಷದಿಂದ ಇದ್ದಾಳೆ.

ಚಾ ಕುಡಿದು ಮುಗಿಸಿ, ಒಂದು ಇನ್ನೂರು ಪುಟದ ನೋಟ್‌ಬುಕ್ಕು ತೆರೆದು, "ಮಾಷ್ಟ್ರೇ, ಎಲ್ಲ ಆಯಿತು. ಇದೊಂದಕ್ಕೆ ಎಂತ ಬರೆಯುವುದು ಅಂತ ಗೊತ್ತಾಗ್ತಾ ಇಲ್ಲ" ಎಂದಳು.

ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ನೀವು ಈ ವಿಷಯವನ್ನೇ ಯಾಕೆ ಓದಬೇಕೆಂದಿದ್ದೀರಿ? ಎರಡು ಪುಟದಲ್ಲಿ ಬರೆಯಿರಿ.

ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆಕೆಯ ದಿನ ಹೇಗಿರುತ್ತದೆ ಎಂದು ಹೇಳಬೇಕು. ಯಾಕೆಂದರೆ ನಮ್ಮ ಶಾಲೆಗಳ ಹೆತ್ತವರಲ್ಲಿ ಹಲವರು ವಿದೇಶದ ಓದು ಎಂದರೆ ದುಡ್ಡಿದ್ದವರ ಇಂಗ್ಲಿಷ್ ಮೀಡಿಯಂ ಮಕ್ಕಳ ಕೆಲಸ, ಏಜೆಂಟನಿಗೆ ಹಣ ಕೊಟ್ಟರೆ ಅವನೇ ಎಲ್ಲ ಮಾಡುತ್ತಾನೆ ಎಂದುಕೊಂಡಿದ್ದಾರೆ. ಈಕೆಗೆ ಏಜೆಂಟ್ ಇಲ್ಲ. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ, ಅಮ್ಮ ಬೀಡಿ ಕಟ್ಟುತ್ತಾರೆ.

ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಮನೆಗೆಲಸ ಮುಗಿಸಿ ಪೆರ್ಲದಿಂದ ಏಳು ಗಂಟೆಯ ಬಸ್ಸು ಹಿಡಿಯುತ್ತಾಳೆ. ಬದಿಯಡ್ಕ ದಾಟಿ ಕಾಸರಗೋಡು ತಲಪುವವರೆಗೆ ಕಿವಿಯಲ್ಲಿ ಇಯರ್‌ಫೋನ್, ಇಂಗ್ಲಿಷ್ ಕೇಳುವ ಅಭ್ಯಾಸ. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಓದುವ ಅಭ್ಯಾಸವೂ ಆಗುತ್ತದೆ. ಸಂಜೆ ನಾಲ್ಕರವರೆಗೆ ಕಾಲೇಜು, ಲ್ಯಾಬು. ಮನೆಗೆ ಬಂದ ಮೇಲೆ ಎಂಟರಿಂದ ಒಂಬತ್ತು ಗಂಟೆಯವರೆಗೆ ಫೋನಿನಲ್ಲಿ ಜರ್ಮನ್ ಭಾಷೆಯ ಮೊದಲ ಪಾಠ. ನೆಟ್‌ವರ್ಕ್ ಸಿಗಬೇಕಾದರೆ ಅಂಗಳದ ತುದಿಗೆ ಬರಬೇಕು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು. ಆಮೇಲೆ ಮೈಲ್ ನೋಡುವುದು. ಚಳಿಗಾಲದಲ್ಲಿ ನಮ್ಮ ರಾತ್ರಿ 9 ಗಂಟೆ ಎಂದರೆ ಅಲ್ಲಿಗೆ ಸಂಜೆ ನಾಲ್ಕೂವರೆ. ಆಫೀಸು ಮುಚ್ಚುವ ಹೊತ್ತು. ಉತ್ತರ ಬರೆದರೆ ಮತ್ತೆ ಮರುದಿನ.

ಆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದ್ದಾಳೆ. ವಿಶ್ವವಿದ್ಯಾನಿಲಯದ ಹೆಸರು, ಕೊನೆಯ ದಿನಾಂಕ, ಬೇಕಾದ ಕಾಗದ, ಕಟ್ಟಿದ ಹಣ. ಚಳಿಗಾಲದ ಸೆಮಿಸ್ಟರಿಗೆ ಹೆಚ್ಚಿನ ಕಡೆ ಜುಲೈ 15 ಕೊನೆ, ಹೊರದೇಶದವರಿಗೆ ಕೆಲವು ಕಡೆ ಅದಕ್ಕಿಂತ ಎಷ್ಟೋ ಮೊದಲು. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಹದಿನೇಳು ಹದಿನೆಂಟು ಸಾವಿರ ರೂಪಾಯಿ. ಅದರ ಅಂಕಕ್ಕೆ ಎರಡೇ ವರ್ಷದ ಆಯುಷ್ಯ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಎಂಬ ಪ್ರಮಾಣಪತ್ರ ಕಡ್ಡಾಯವಾಗಿದೆ. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುವ ಕಾಗದ ಅದು. ಅದಕ್ಕೆ 18,000 ರೂಪಾಯಿ. ಹಲವು ವಿಶ್ವವಿದ್ಯಾನಿಲಯಗಳ ಅರ್ಜಿ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಹೋಗಬೇಕು. ಮೊದಲ ಅರ್ಜಿಗೆ 75 ಯುರೋ, ಆಮೇಲಿನ ಪ್ರತಿಯೊಂದಕ್ಕೆ 30.

ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎನ್ನುವುದು ನಿಜ. ಆದರೆ ಎಲ್ಲ ಕಡೆಯೂ ಹಾಗಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯುರೋ ತೆಗೆದುಕೊಳ್ಳುತ್ತದೆ. ಇನ್ನು ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ-ಬಾಡಿಗೆಯ ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ 11,904 ಯುರೋ, ಅಂದರೆ ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. ತಿಂಗಳಿಗೆ 992 ಯುರೋದಂತೆ ಅದನ್ನು ಅಲ್ಲಿ ತೆಗೆಯಬಹುದು. ಇಲ್ಲದಿದ್ದರೆ ವಿದ್ಯಾರ್ಥಿವೇತನ ಸಿಕ್ಕಿರಬೇಕು. ಬ್ಯಾಂಕಿನವರು ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. ಆ ಮನೆಯಲ್ಲಿ ಇರುವ ಆಸ್ತಿ ತೋಟ ಒಂದೇ. ಅಪ್ಪ ಪಟ್ಟೆಯ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಿದ್ದಾರಂತೆ. "ಇಡಿ ಅಂತ ನಾನು ಹೇಳಲಿಲ್ಲ ಮಾಷ್ಟ್ರೇ, ಒಳಗೆ ಇಡಿ ಅಂತಲೂ ಹೇಳಲಿಲ್ಲ" ಎಂದಳು.

ಹೆಸರಿನ ಕಥೆ ಬೇರೆಯೇ ಇದೆ. ಜನನ ಪ್ರಮಾಣಪತ್ರದಲ್ಲಿ ಮಂಜೇಶ್ವರಂ, ಶಾಲೆಯ ದಾಖಲೆಯಲ್ಲಿ ಮಂಜೇಶ್ವರ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಹಿಂದೆ. ಇವೆಲ್ಲ ಒಬ್ಬಳೇ ಹುಡುಗಿ ಎಂದು ತೋರಿಸಲು ಇನ್ನೊಂದು ಕಾಗದ. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಯಾಕೆಂದರೆ ಒಂದನೇ ತರಗತಿಗೆ ಸೇರಿಸುವಾಗ ಆ ರಿಜಿಸ್ಟರಿನಲ್ಲಿ ಬರೆಯುವವರು ನಾವೇ ತಾನೆ? ಮನೆಯವರು ಹೇಳಿದ್ದನ್ನು ಅರ್ಧ ಕೇಳಿ ಬರೆದುಬಿಡುತ್ತೇವೆ. ಅದು ಇಪ್ಪತ್ತು ವರ್ಷದ ನಂತರ ಮಗುವನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ.

ಕಾಗದ ಗಡಿ ದಾಟುವ ಕಷ್ಟ ನನಗೂ ಗೊತ್ತು. ನಾನು ಟಿ.ಸಿ.ಎಚ್. ಮಾಡಿದ್ದು ಮಂಗಳೂರಿನಲ್ಲಿ. ತಲಪಾಡಿ ದಾಟಿ ಈಚೆ ಬಂದಾಗ ಅದು ಇಲ್ಲಿನ ತರಬೇತಿಗೆ ಸಮಾನ ಎಂದು ತೋರಿಸುವ ಕಾಗದಕ್ಕೆ ತಿಂಗಳುಗಟ್ಟಲೆ ಓಡಾಡಿದ್ದೇನೆ. ಅದೇ ಪಾಠ, ಅದೇ ಮಕ್ಕಳ ಮನಶ್ಶಾಸ್ತ್ರ, ನಡುವೆ ಒಂದು ಚೆಕ್‌ಪೋಸ್ಟು. 1956ರ ನವೆಂಬರ್ 1ರ ನಂತರ ನಮ್ಮ ಕಡೆಯ ಪ್ರತಿ ತಲೆಮಾರಿಗೂ ಇದು ಇದ್ದದ್ದೇ. ಹಾಗಾಗಿ ಎಪಿಎಸ್ ಎಂದರೇನೆಂದು ಆಕೆ ವಿವರಿಸಲು ಹೊರಟಾಗ ನನಗೆ ಬೇಗ ಅರ್ಥವಾಯಿತು.

ಈಗ ಆ ಪ್ರಶ್ನೆಗೆ ಬರುತ್ತೇನೆ.

ಆಕೆ ಬರೆದುಕೊಂಡು ಬಂದಿದ್ದ ಎರಡು ಪುಟ ಓದಿದೆ. ಇಂಗ್ಲಿಷಿನಲ್ಲಿ ತಪ್ಪು ಹೆಚ್ಚಿರಲಿಲ್ಲ. ಬಾಲ್ಯದಿಂದಲೇ ವಿಜ್ಞಾನದಲ್ಲಿ ಅಪಾರ ಆಸಕ್ತಿ, ನಿಮ್ಮ ಜಗತ್ಪ್ರಸಿದ್ಧ ವಿಶ್ವವಿದ್ಯಾನಿಲಯ, ಸಮಾಜಕ್ಕೆ ಸೇವೆ... ಯಾರ ಹೆಸರು ಹಾಕಿದರೂ ನಡೆಯುತ್ತದೆ. ಶಿಫಾರಸು ಪತ್ರ ಕೇಳಲು ಹೋದಲ್ಲಿ ಒಬ್ಬರು "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎಂದರಂತೆ. ಅದೂ ಇದೇ ತರಹ ಇತ್ತು.

ಕಾಗದ ಮಡಚಿ ಇಟ್ಟು ಕನ್ನಡದಲ್ಲಿ ಕೇಳಿದೆ, "ಇದೆಲ್ಲ ಇರಲಿ. ನಿನಗೆ ನೀರಿನ ಹುಚ್ಚು ಹಿಡಿದದ್ದು ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಜ್ಜನ ಸುರಂಗದ ವಿಷಯ ಹೇಳಿದಳು. ನಮ್ಮ ಕಡೆಯವರಿಗೆ ಸುರಂಗ ಗೊತ್ತೇ ಇದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಪಿಕ್ಕಾಸಿನಲ್ಲಿ ಕೊರೆದು, ಕಲ್ಲಿನೊಳಗಿಂದ ಒಸರುವ ನೀರನ್ನು ಪಂಪು ಇಲ್ಲದೆ ತಾನಾಗಿ ಹರಿದು ಬರುವಂತೆ ಮಾಡುವುದು. ಒಳಗೆ ದೀಪ ಆರಿದರೆ ಗಾಳಿ ಸಾಲದು ಎಂದು ಹೊರಗೆ ಬರುವುದು. ಆ ಸುರಂಗದ ನೀರಿನಿಂದಲೇ ಅವರ ತೋಟ ಆದದ್ದು. ಈಕೆ ಒಂಬತ್ತನೇ ತರಗತಿಯಲ್ಲಿದ್ದಾಗ ಸುತ್ತಮುತ್ತ ಕೊಳವೆಬಾವಿಗಳು ಬಂದವು. ಎರಡು ವರ್ಷದಲ್ಲಿ ಮಾರ್ಚ್ ತಿಂಗಳಿಗೇ ಸುರಂಗದ ನೀರು ಸಣ್ಣದಾಯಿತು. ಕೊಳವೆಬಾವಿಯಿಂದಲೇ ಹೀಗಾಯಿತು ಎಂದು ಅಜ್ಜ, ಮಳೆ ಕಡಿಮೆಯಾದದ್ದರಿಂದ ಎಂದು ಅಪ್ಪ. ಮನೆಯಲ್ಲಿ ಜಗಳ. "ಯಾರು ಹೇಳಿದ್ದು ಸರಿ ಅಂತ ನನಗೆ ಗೊತ್ತಾಗಬೇಕು ಮಾಷ್ಟ್ರೇ. ಗುಡ್ಡದ ಒಳಗೆ ನೀರು ಯಾವ ದಾರಿಯಲ್ಲಿ ಹೋಗ್ತದೆ ಅಂತ ನೋಡದೆ ಅದು ಗೊತ್ತಾಗುವುದಿಲ್ಲ."

"ಇದನ್ನೇ ಬರೆಯಬಾರದಾ?" ಎಂದೆ.

"ಇದನ್ನು ಬರೆಯಬಹುದಾ?" ಎಂದು ಆಕೆ ಕೇಳಿದಳು.

ಓದುಗರೇ, ಆ ಮರುಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹದಿನೇಳು ವರ್ಷ ಓದಿದ ಹುಡುಗಿಗೆ ತನ್ನ ಮನಸ್ಸಿನಲ್ಲಿ ಇರುವುದನ್ನು ಬರೆಯಬಹುದೇ ಎಂಬ ಸಂಶಯ. ಅದರಲ್ಲಿ ಮೂರು ವರ್ಷ ನನ್ನ ಎದುರು ಕೂತವಳು. ನಾನು ಏನು ಮಾಡಿದೆ? ಪ್ರಶ್ನೆ ಕೊಟ್ಟೆ, ಉತ್ತರವನ್ನೂ ಬೋರ್ಡಿನಲ್ಲಿ ಬರೆದೆ, ಅವರು ಕಾಪಿ ಮಾಡಿಕೊಂಡರು. ‘ನನ್ನ ಊರು’ ಎಂಬ ಪ್ರಬಂಧವನ್ನು ಸಹ ನಾನೇ ಹೇಳಿ ಬರೆಸಿದ್ದೇನೆ. ನಲವತ್ತು ಮಕ್ಕಳದ್ದೂ ಒಂದೇ ಊರು! ಅದರಲ್ಲಿ ಹೊಳೆ ಇತ್ತು, ದೇವಸ್ಥಾನ ಇತ್ತು, ಸುರಂಗ ಇರಲಿಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲೂ ಆಕೆಗೆ ಕಷ್ಟವಾದದ್ದು ಅಲ್ಲೇ. ಕೇಳುವುದು, ಓದುವುದು ಸುಲಭವಾಯಿತಂತೆ. ಬರೆಯುವ ಭಾಗದಲ್ಲಿ 60 ನಿಮಿಷ, ಎರಡು ಬರಹ. ಎರಡನೆಯದರಲ್ಲಿ ಒಂದು ವಿಷಯ ಕೊಟ್ಟು ನಿನ್ನ ಅಭಿಪ್ರಾಯ ಏನು, ಕಾರಣ ಕೊಟ್ಟು ಕನಿಷ್ಠ 250 ಶಬ್ದಗಳಲ್ಲಿ ಬರೆ ಎನ್ನುತ್ತಾರೆ. "ಶಬ್ದ ಇತ್ತು, ಅಭಿಪ್ರಾಯ ಇರಲಿಲ್ಲ" ಎಂದು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಕಲಿತದ್ದೇ ಇದಕ್ಕೆಲ್ಲ ಕಾರಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆಕೆ ಮನೆಯಲ್ಲಿ ತುಳು ಮಾತಾಡುತ್ತಾಳೆ, ಶಾಲೆಯಲ್ಲಿ ಕನ್ನಡ ಕಲಿತಳು, ಅಪ್ಪನಿಗೆ ಓದಲು ಬಾರದ ಮಲಯಾಳದ ಫಾರ್ಮನ್ನು ತುಂಬಿಸಿಕೊಡುತ್ತಾಳೆ, ಅರ್ಜಿ ಇಂಗ್ಲಿಷಿನಲ್ಲಿ, ರಾತ್ರಿ ಅಂಗಳದಲ್ಲಿ ಜರ್ಮನ್. ಐದು ಭಾಷೆ ನಿಭಾಯಿಸುವವಳಿಗೆ ಭಾಷೆಯ ಬಡತನ ಎಲ್ಲಿದೆ? ಉತ್ತರ ಬರೆಸುವ ಚಾಳಿ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಇಲ್ಲವೇ? ಅಲ್ಲಿಯೂ ಧಾರಾಳ ಇದೆ. ಹಾಗೆಂದು ನಾವು ಎದೆ ತಟ್ಟಿಕೊಳ್ಳಬೇಕಾಗಿಲ್ಲ. ನಮ್ಮ ಮಕ್ಕಳಿಗೆ ಒಳ್ಳೆಯ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲೇಬೇಕು, ಅದರಲ್ಲಿ ನಾವು ಹಿಂದೆ ಇದ್ದೇವೆ. ಆದರೆ ಸ್ವಂತ ಮಾತು ಹುಟ್ಟುವುದು ಮನೆಯ ಹತ್ತಿರದ ಭಾಷೆಯಲ್ಲಿ. ಆ ಸುರಂಗದ ಕಥೆ ಇಂಗ್ಲಿಷಿನಲ್ಲಿ ಕೇಳಿದ್ದರೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಬಂತು, ಆಮೇಲೆ ಆಕೆಯೇ ಅದನ್ನು ಇಂಗ್ಲಿಷಿಗೆ ತಂದಳು. ಕನ್ನಡ ಶಾಲೆಗೆ ಇರುವ ದೊಡ್ಡ ಅನುಕೂಲ ಇದು. ನಾವು ಅದನ್ನು ಬಳಸಲಿಲ್ಲ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಇಲ್ಲಿ ಮಕ್ಕಳೂ ಹೆತ್ತವರೂ ಬೀದಿಗೆ ಇಳಿದಿದ್ದಾರೆ. ಇಳಿಯಲೇಬೇಕು. ಆದರೆ ಕನ್ನಡ ಬರುವ ನಾವು ಆ ಕನ್ನಡದಿಂದ ಮಕ್ಕಳನ್ನು ಏನು ಕೇಳುತ್ತಿದ್ದೇವೆ ಎಂದೂ ನೋಡಿಕೊಳ್ಳಬೇಕಲ್ಲವೇ?

ಒಬ್ಬ ಸಹೋದ್ಯೋಗಿ ಹೇಳಿದರು, "ಹೀಗೆ ಕಲಿಸಿದರೆ ಇದ್ದ ಮಕ್ಕಳೂ ಊರು ಬಿಟ್ಟು ಹೋಗುತ್ತಾರೆ." ಇರಬಹುದು. ಈಕೆ ಹಿಂದೆ ಬರುತ್ತಾಳೆಂದು ನಾನು ಹೇಳಲಾರೆ. ಆಕೆಗೆ ಸೀಟು ಸಿಗುತ್ತದೆಂದು ಸಹ ಹೇಳಲಾರೆ, ಇನ್ನೂ ಎಲ್ಲಿಂದಲೂ ಉತ್ತರ ಬಂದಿಲ್ಲ. ಆದರೆ ತನ್ನ ಗುಡ್ಡದ ಬಗ್ಗೆ ಪ್ರಶ್ನೆ ಇಟ್ಟುಕೊಂಡು ಹೋದವರು ಊರನ್ನು ಜೊತೆಗೇ ಒಯ್ಯುತ್ತಾರೆ. ಪ್ರಶ್ನೆಯೇ ಇಲ್ಲದವರು ಇಲ್ಲಿಯೇ ಇದ್ದರೂ ಊರಿನಲ್ಲಿ ಇದ್ದಂತೆ ಅಲ್ಲ.

ನಾನು ಎರಡು ತೀರ್ಮಾನ ಮಾಡಿದ್ದೇನೆ. ಒಂದು, ಇನ್ನು ಮುಂದೆ ಸೇರ್ಪಡೆಯ ದಿನ ಹೆಸರು, ಊರು, ಜನ್ಮದಿನಾಂಕವನ್ನು ಜನನ ಪ್ರಮಾಣಪತ್ರ ಎದುರಿಗಿಟ್ಟು ಅಕ್ಷರ ಅಕ್ಷರ ತಾಳೆ ನೋಡುವುದು. ಇನ್ನೊಂದು, ವಾರಕ್ಕೆ ಒಂದು ಪೀರಿಯಡ್ ಬೋರ್ಡಿನಲ್ಲಿ ಉತ್ತರ ಬರೆಯದೆ ಇರುವುದು.

ಕಳೆದ ಶುಕ್ರವಾರ ಏಳನೆಯ ತರಗತಿಯಲ್ಲಿ ಸುರು ಮಾಡಿದೆ. "ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ? ಅದರ ಬಗ್ಗೆ ನಿನಗೆ ಏನು ತಿಳಿಯಬೇಕು ಅಂತ ಇದೆ?" ಎಂದು ಬರೆಯಲು ಹೇಳಿದೆ. ತುಂಬಾ ಹೊತ್ತು ಯಾರೂ ಪೆನ್ನು ಎತ್ತಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ, "ಇದು ಎಷ್ಟು ಮಾರ್ಕಿನದ್ದು ಮಾಷ್ಟ್ರೇ?"

ಮಾರ್ಕು ಇಲ್ಲ ಎಂದೆ. ಅವನು ಕೂತು ಬರೆಯತೊಡಗಿದ.