ನಿಲ್ಲದೆ ಓಡುವ ಹಳೆಯ ಫ್ರಿಜ್

ಹದಿನೈದು ಇಪ್ಪತ್ತು ವರ್ಷ ದುಡಿದ ಒಂಟಿ ಬಾಗಿಲಿನ ಫ್ರಿಜ್ ಇರುವ ಮನೆಯಲ್ಲಿ ಅದರ ಸದ್ದು ಗೋಡೆ ಗಡಿಯಾರದ ಸದ್ದಿನ ಹಾಗೆ. ಇದ್ದರೂ ಯಾರ ಕಿವಿಗೂ ಬೀಳುವುದಿಲ್ಲ. ಸ್ವಲ್ಪ ಹೊತ್ತು ಗುಂಯ್‌ಗುಟ್ಟುತ್ತದೆ, ‘ಟಕ್’ ಎಂದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಆ ‘ಟಕ್’ ಕೇಳಿ ಬಹಳ ದಿನಗಳಾದವು ಎಂಬುದು ಮೊದಲು ಹೊಳೆಯುವುದು, ಹೆಚ್ಚಾಗಿ, ಪರೀಕ್ಷೆಗೆಂದು ನಡುರಾತ್ರಿಯಲ್ಲಿ ಓದುತ್ತ ಕುಳಿತ ಮಕ್ಕಳಿಗೆ. ಅಪ್ಪ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ‘ಗ್ಯಾಸ್ ಮುಗಿದಿದೆ’ ಎಂಬ ತೀರ್ಪು ಬರುತ್ತದೆ. ‘ಹೊಸದು ಕೊಂಡುಬಿಡಿ’ ಎನ್ನುವವರು ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರೆ.

ಇಬ್ಬರ ಮಾತೂ ನಿಜವಿರಬಹುದು. ಆದರೆ ಒಂದು ದಿನ ಸುಮ್ಮನೆ ಗಮನಿಸಿದರೆ ಫ್ರಿಜ್ ತಾನೇ ಬಹಳಷ್ಟು ಹೇಳುತ್ತದೆ.

ಮೊದಲಿಗೆ ಲೆಕ್ಕ. ಕಂಪ್ರೆಸರ್ 125 ವ್ಯಾಟ್‌ನದು ಎಂದಿಟ್ಟುಕೊಂಡರೆ ಇಪ್ಪತ್ನಾಲ್ಕು ಗಂಟೆ ಓಡಿದಾಗ 3 ಯೂನಿಟ್, ತಿಂಗಳಿಗೆ 90 ಯೂನಿಟ್. ಅರ್ಧ ಹೊತ್ತು ಮಾತ್ರ ಓಡಿದರೆ 45. ನಷ್ಟ ಬಿಲ್ಲಿನಲ್ಲಿ ಮಾತ್ರವಲ್ಲ. ಎಷ್ಟೋ ಮನೆಗಳ ಫ್ರಿಜ್‌ನಲ್ಲಿ ಹಾಲು ಮೊಸರಿನ ಪಕ್ಕದಲ್ಲಿ ಅಜ್ಜಿಯ ಇನ್ಸುಲಿನ್ ಇರುತ್ತದೆ. ಬಳಸಲು ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದರ ಶಕ್ತಿ ಕುಗ್ಗುತ್ತದೆ, ಕರಗಿದ ಮೇಲೂ ಬಳಸುವಂತಿಲ್ಲ. ಕರಗಿದ ಸೀಸೆಯನ್ನು ನೋಡಿ ಅದು ಕೆಟ್ಟಿದೆಯೆಂದು ಹೇಳಲು ಯಾವಾಗಲೂ ಆಗದು ಎಂಬುದೇ ಇಲ್ಲಿನ ಅಪಾಯ.

ಫ್ರಿಜ್ ತಂಪನ್ನು ತಯಾರಿಸುವ ಯಂತ್ರವಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಮಣ್ಣಿನ ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖ ಸೆಳೆದುಕೊಳ್ಳುತ್ತದಷ್ಟೆ. ಫ್ರೀಜರಿನ ಅಲ್ಯುಮಿನಿಯಂ ತಗಡಿನ ಸಣ್ಣ ನಾಳಗಳಲ್ಲಿ ನಡೆಯುವುದೂ ಅದೇ. ನೀರಿನ ಬದಲು ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುವ ದ್ರವವೊಂದು ಅಲ್ಲಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮಿ ಹಿಂಬದಿಯ ಕಪ್ಪು ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಅಡುಗೆಮನೆಯ ಬಾಗಿಲು ಮುಚ್ಚಿ ಫ್ರಿಜ್ ತೆರೆದಿಟ್ಟರೆ ಕೋಣೆ ತಂಪಾಗುವುದೇ ಎಂಬ ಪಿ.ಯು.ಸಿ. ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಆಗುವುದಿಲ್ಲ, ಬಿಸಿಯೇ ಏರುತ್ತದೆ. ಹೊತ್ತ ಶಾಖವೆಲ್ಲ ಅದೇ ಕೋಣೆಗೆ ಬೀಳುತ್ತದೆ, ಕಂಪ್ರೆಸರಿನ ಶಾಖವೂ ಸೇರಿಕೊಳ್ಳುತ್ತದೆ.

ಹಾಗಾದರೆ ನಿಲ್ಲದ ಫ್ರಿಜ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಒಳಗೆ ಎಷ್ಟು ತಂಪಿದೆ? ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಳಿಸಿ ನಡುವಣ ತಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಾಲಿಗಾಗಿ ಯಾರಾದರೂ ಬಾಗಿಲು ತೆಗೆಯುವ ಮೊದಲೇ ನೋಡಬೇಕು. ಜ್ವರ ನೋಡುವ ಥರ್ಮಾಮೀಟರ್ ನಡೆಯದು, ಅದರ ಅಳತೆ ಶುರುವಾಗುವುದೇ ಸುಮಾರು 35 ಡಿಗ್ರಿಯಿಂದ. ಶಾಲೆಯ ಪ್ರಯೋಗಾಲಯದಲ್ಲಿ ಇರುವಂಥ, ಕೆಂಪು ಆಲ್ಕೋಹಾಲ್ ತುಂಬಿದ ಥರ್ಮಾಮೀಟರ್ ಸಾಕು. 2ರಿಂದ 5 ಡಿಗ್ರಿ ಇದ್ದರೆ ಸರಿ.

ಸೊನ್ನೆಯ ಹತ್ತಿರ ಇದ್ದರೆ, ಸೌತೆಕಾಯಿ ಕಲ್ಲಾಗುತ್ತಿದ್ದರೆ, ಗ್ಯಾಸ್ ಮುಗಿದಿಲ್ಲ. ಯಂತ್ರ ತನ್ನ ಕೆಲಸ ಮಾಡಿದೆ, ‘ಸಾಕು’ ಎಂದು ಹೇಳುವವರಿಲ್ಲ. ಹೇಳಬೇಕಾದದ್ದು ಥರ್ಮೋಸ್ಟಾಟ್. ಬೇಸಿಗೆಯಲ್ಲಿ ತಿರುಗುಗುಂಡಿಯನ್ನು ಕೊನೆಯ ಅಂಕೆಗೆ ಇಟ್ಟವರು ಮಳೆಗಾಲ ಬಂದರೂ ಮರೆತಿರುವುದುಂಟು. ಅತಿ ಕಡಿಮೆ ಅಂಕೆಗೆ ತಿರುಗಿಸಿ ಕಾದರೂ ಕಂಪ್ರೆಸರ್ ನಿಲ್ಲದಿದ್ದರೆ, ಥರ್ಮೋಸ್ಟಾಟ್ ಕೆಟ್ಟಿರಬೇಕು ಅಥವಾ ಅದರ ತೆಳು ಕೊಳವೆ ಫ್ರೀಜರಿನ ಮೈ ಬಿಟ್ಟು ಸಡಿಲವಾಗಿರಬೇಕು. ಫ್ರಿಜ್ ಬದಲಿಸಬೇಕಾದಷ್ಟು ದೊಡ್ಡ ಕಾಯಿಲೆಯಲ್ಲ. ಇನ್ಸುಲಿನ್ ಸೀಸೆ ಹೆಪ್ಪುಗಟ್ಟಿರುವ ಸಂಶಯ ಇದ್ದರೆ ಮಾತ್ರ, ಯಂತ್ರ ಸರಿಹೋದರೂ ಆ ಸೀಸೆಯನ್ನು ಬಳಸಬಾರದು.

ಒಳಗೆ 10 ಡಿಗ್ರಿ, 12 ಡಿಗ್ರಿ ತೋರಿಸಿ ಫ್ರಿಜ್ ಓಡುತ್ತಲೇ ಇದ್ದರೆ ಕಥೆ ಬೇರೆ. ಒಂದೋ ಶಾಖ ಎಲ್ಲಿಂದಲೋ ನುಗ್ಗುತ್ತಿದೆ, ಇಲ್ಲವೇ ಹೊರಗೆ ಹೋಗಲು ದಾರಿಯಿಲ್ಲ.

ನುಗ್ಗುವ ದಾರಿ ಹೆಚ್ಚಾಗಿ ಬಾಗಿಲಿನ ರಬ್ಬರ್. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಹಿಡಿದಂತಾಗಿ ಬಂದರೆ ಸರಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದರೆ ಅಲ್ಲಿ ಸಂದು ಇದೆ. ನಾಲ್ಕೂ ಬದಿಯಲ್ಲಿ ನೋಡಬೇಕು, ಕೆಳಮೂಲೆಯನ್ನು ಮರೆಯಬಾರದು. ಸಾರು ಸೋರಿ ಅಂಟಿದ ಜಿಡ್ಡೇ ಕಾರಣವಾದರೆ ಸೋಪಿನ ಬೆಚ್ಚನೆ ನೀರೇ ಮದ್ದು. ರಬ್ಬರ್ ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಬೇಕು. ಒಳಗಿನ ದೀಪವನ್ನೂ ಪರೀಕ್ಷಿಸಬೇಕು. ಬಾಗಿಲ ಚೌಕಟ್ಟಿನ ಗುಂಡಿಯನ್ನು ಬೆರಳಿನಿಂದ ಒತ್ತಿದಾಗ ಅದು ಆರದಿದ್ದರೆ, ಮುಚ್ಚಿದ ಫ್ರಿಜ್‌ನಲ್ಲಿ ಹಗಲೂ ರಾತ್ರಿ ಒಂದು ಪುಟ್ಟ ಒಲೆ ಉರಿಯುತ್ತಿದೆ ಎಂದರ್ಥ.

ಇನ್ನು ಹಿಂಬದಿ. ಧೂಳು, ಜೇಡರ ಬಲೆ ಮೆತ್ತಿದ ಕಪ್ಪು ಕೊಳವೆಗಳು ಕಂಬಳಿ ಹೊದ್ದಂತೆ. ಮಲೆನಾಡಿನ ಮಳೆಗಾಲದಲ್ಲಿ ಮಕ್ಕಳ ಒದ್ದೆ ಸಾಕ್ಸ್ ಅಲ್ಲೇ ಒಣಗುವುದೂ ಉಂಟು. ಸಾಕ್ಸ್ ಒಣಗುತ್ತದೆ, ಫ್ರಿಜ್ ಬೆವರುತ್ತದೆ! ಪ್ಲಗ್ ಕಿತ್ತು ಬ್ರಶ್‌ನಿಂದ ಗುಡಿಸಿ, ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಸರಿಸಿದರೆ ಎಷ್ಟೋ ಫ್ರಿಜ್‌ಗಳು ಮರುದಿನವೇ ‘ಟಕ್’ ಎನ್ನುತ್ತವೆ. ಪ್ಲಗ್ ಮತ್ತೆ ಹಾಕುವ ಮೊದಲು ಐದು ನಿಮಿಷ ಬಿಡಬೇಕು, ಒಳಗಿನ ಒತ್ತಡ ಸಮನಾಗಲು ಅಷ್ಟು ಹೊತ್ತು ಬೇಕು.

ಫ್ರೀಜರಿನ ಮಂಜಿನ ಗೋಡೆಯೂ ಶಾಖಕ್ಕೆ ತಡೆಯೇ. ಅರ್ಧ ಸೆಂಟಿಮೀಟರಿಗಿಂತ ದಪ್ಪವಾದರೆ ಕರಗಿಸಬೇಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತುವುದು ಮಾತ್ರ ಬೇಡವೇ ಬೇಡ. ತೆಳು ತಗಡಿನಲ್ಲಿ ಒಂದು ತೂತು ಬಿದ್ದರೆ ಅದುವರೆಗೆ ಇಲ್ಲದ ‘ಗ್ಯಾಸ್’ ಸಮಸ್ಯೆ ಆಗ ನಿಜವಾಗುತ್ತದೆ. ಫ್ರಿಜ್ ಆರಿಸಿ, ಬಿಸಿನೀರಿನ ಬೋಗುಣಿ ಒಳಗಿಟ್ಟು ಕಾದರಾಯಿತು.

ನೆತ್ತಿ ಸುಡುವ ಏಪ್ರಿಲ್‌ನಲ್ಲಿ ರಾಯಚೂರಿನ ಹಳೆಯ ಫ್ರಿಜ್ ಹೆಚ್ಚು ಹೊತ್ತು ಓಡುವುದು ರೋಗವಲ್ಲ. ಕರೆಂಟು ಹೋಗಿ ಬಂದ ಮೇಲೂ ಹಾಗೆಯೇ. ಪಕ್ಕದ ಮನೆಯ ಹೊಸ ಇನ್‌ವರ್ಟರ್ ಫ್ರಿಜ್‌ಗೆ ಹೋಲಿಸುವುದೂ ಸಲ್ಲದು. ಅದು ನಿಧಾನವಾಗಿ ಬಹಳ ಹೊತ್ತು ಓಡಲೆಂದೇ ಮಾಡಿದ್ದು.

ಇಷ್ಟಾದರೂ ತಂಪಾಗದೆ, ಕಂಪ್ರೆಸರ್ ಸುಡುತ್ತಿದ್ದು ಕಪ್ಪು ಕೊಳವೆಗಳು ಬೆಚ್ಚಗಾಗದೆ, ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಂಭವ ಹೆಚ್ಚು. ಆಗ ಮೆಕ್ಯಾನಿಕ್ ಬೇಕೇ ಬೇಕು. ಆದರೆ ಈ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುವಂಥದ್ದು. ಕಡಿಮೆಯಾಗಿದೆ ಎಂದರೆ ಸೋರಿದೆ. ಸೋರಿದ್ದು ಎಲ್ಲಿ ಎಂದು ಹುಡುಕದೆ ತುಂಬಿಸಿದರೆ ಕೊಟ್ಟ ಹಣವೂ ಅದೇ ತೂತಿನಿಂದ ಹೋಗುತ್ತದೆ.

ಯಾವ ಗ್ಯಾಸ್ ಎಂಬುದು ಕಂಪ್ರೆಸರಿನ ಮೇಲೋ ಹಿಂಬದಿಯ ಚೀಟಿಯಲ್ಲೋ ಅಚ್ಚಾಗಿರುತ್ತದೆ. ಬಹಳ ಹಳೆಯವುಗಳಲ್ಲಿ ಆರ್-12. ಓಜೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತಹಂತವಾಗಿ ಕೈಬಿಡಲಾಯಿತು. ಆಮೇಲೆ ಬಂದದ್ದು ಆರ್-134ಎ, ಅದರ ನಂತರದ ಎಷ್ಟೋ ಫ್ರಿಜ್‌ಗಳಲ್ಲಿ ಆರ್-600ಎ. ಈ ಕೊನೆಯದು ಐಸೋಬ್ಯುಟೇನ್, ಅಡುಗೆ ಅನಿಲದ ಹತ್ತಿರದ ನೆಂಟ, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬೆಸುಗೆಯ ದೀಪ ಹಚ್ಚುವ ಮೊದಲು ಕಿಟಕಿ ತೆರೆದು, ಒಲೆ ಆರಿಸಿ, ಕೊಳವೆಯಲ್ಲಿ ಉಳಿದದ್ದನ್ನು ಕ್ರಮವಾಗಿ ಹೊರಹಾಕಬೇಕು. ಮೆಕ್ಯಾನಿಕ್ ಬರುವ ಮೊದಲೇ ಆ ಚೀಟಿಯನ್ನು ಓದಿ, ಫೋನಿನಲ್ಲೇ ಅವನಿಗೆ ತಿಳಿಸುವ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ಒಪ್ಪಿಸಬಹುದು.