ಸಂಗಾತಿಗೆ ಮೊದಲ ಸಲಕರಣೆ

ತೋಟದ ಮನೆಗೆ ಹೊಸದಾಗಿ ಬಂದ ಹೆಂಡತಿಗೆ ಗಂಡನಾದವನು ಸೀರೆ ಕೊಡುತ್ತಾನೆ, ಓಲೆ ಕೊಡುತ್ತಾನೆ, ಈಗಿನ ಕಾಲಕ್ಕೆ ತಕ್ಕಂತೆ ಮೊಬೈಲನ್ನೂ ಕೊಡುತ್ತಾನೆ. ಅವಳ ಕೈಗೆ ಹೊಂದುವ ಒಂದು ಕತ್ತಿಯನ್ನು ಕೊಂಡುಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ವರ್ಷ ತಿರುಗುವುದರೊಳಗೆ ಆಕೆ ಕಾಫಿ ಕುಯ್ಲಿಗೂ ಅಡಿಕೆ ಸುಲಿಯುವುದಕ್ಕೂ ಇಳಿದಿರುತ್ತಾಳೆ. ಆಗ ಆಕೆಗೆ ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ, ಮಾವನವರ ಕಾಲದ, ಹಿಡಿ ಸಡಿಲವಾದ ಕತ್ತಿ. ಒಳ್ಳೆಯ ಕತ್ತಿ ಗಂಡಸರ ಸೊಂಟದಲ್ಲಿರುತ್ತದೆ. ಈ ಪದ್ಧತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಸದಸ್ಯ ಬಂಧುಗಳ ಮುಂದಿಡಲು ಈ ಲೇಖನ.

ಮಾತನ್ನು ನಮ್ಮ ಮಲೆನಾಡಿನಿಂದ ಬಲು ದೂರದ ಬಸವಕಲ್ಯಾಣ, ಹುಮನಾಬಾದುಗಳಿಂದ ಪ್ರಾರಂಭಿಸುತ್ತೇನೆ. ಅಡಿಕೆ, ಕಾಫಿಗಳ ಸುಳಿವೇ ಇಲ್ಲದ ಸೀಮೆ ಇಲ್ಲೇಕೆ ಬಂತೆಂದು ಓದುಗರು ಕೇಳಬಹುದು. ಕಾರಣ ಎರಡು. ಈಚಿನ ವರ್ಷಗಳಲ್ಲಿ ಉತ್ತರದ ಜಿಲ್ಲೆಗಳ ಹೆಣ್ಣುಮಕ್ಕಳು ಸೊಸೆಯಂದಿರಾಗಿ ನಮ್ಮ ತೋಟದ ಮನೆಗಳಿಗೆ ಬರುತ್ತಿರುವುದು ಒಂದನೆಯ ಕಾರಣ. ತೊಗರಿ, ಹೆಸರು, ಉದ್ದು, ಜೋಳ, ಸೋಯಾ ಬೆಳೆಯುವ ಹೊಲದಲ್ಲಿ ಕುರ್ಪಿ ಹಿಡಿದು ಕಸ ತೆಗೆದವರು ಅವರು. ಕುಡುಗೋಲಿನಿಂದ ಕೊಯ್ದು ರಾಶಿ ಮಾಡಿದವರು. ದುಡಿಮೆ ಅವರಿಗೆ ಹೊಸದಲ್ಲ, ಇಳಿಜಾರಿನ ತೋಟ ಹೊಸದು. ಎರಡನೆಯ ಕಾರಣ ಕಾಯಕ. ಗಂಡ ಹೆಂಡಿರಿಬ್ಬರೂ ದುಡಿದು ಉಣ್ಣುವುದನ್ನು ಹನ್ನೆರಡನೆಯ ಶತಮಾನದಲ್ಲಿ ದೊಡ್ಡ ಧರ್ಮವಾಗಿ ಕಂಡ ನೆಲ ಅದು.

ಬಸವಕಲ್ಯಾಣಕ್ಕೆ ಹೋದವರು ನುಲಿಯ ಚಂದಯ್ಯನ ಗವಿ, ಮಡಿವಾಳ ಮಾಚಿದೇವರ ಹೊಂಡ, ಅಕ್ಕನಾಗಮ್ಮನ ಗವಿ ಎಲ್ಲವನ್ನೂ ನೋಡಿ ಬರುತ್ತಾರೆ. 2021ರಲ್ಲಿ ಅಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯೂ ಆಯಿತು. ಆ ಶರಣರ ಹೆಸರುಗಳನ್ನು ಸ್ವಲ್ಪ ಗಮನಿಸಿ. ನುಲಿ ಎಂದರೆ ಹಗ್ಗ. ಕದಿರ ರೆಮ್ಮವ್ವೆಯ ಹೆಸರಿನಲ್ಲಿರುವುದು ನೂಲುವ ಕದಿರು. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿರುವುದು ಧಾನ್ಯ ಕುಟ್ಟುವ ಕಾಯಕ. ಹೆಂಗಸನ್ನು ಅವಳ ಸಲಕರಣೆಯಿಂದ, ಅವಳ ಕಾಯಕದಿಂದ ಗುರುತಿಸಿದ ಕಾಲ ಅದು. ನಮ್ಮ ತೋಟಗಳಲ್ಲಿ ಇಂದಿಗೂ ಅವಳನ್ನು ಗುರುತಿಸುವುದು ಇಂಥವರ ಹೆಂಡತಿ, ಇಂಥವರ ಸೊಸೆ ಎಂದೇ.

ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಗ್ರಾಮ ಮೋಳಿಗೆ ಮಾರಯ್ಯ, ಮಹಾದೇವಿಯರ ಹೆಸರಿನೊಂದಿಗೆ ಸೇರಿಕೊಂಡಿದೆ. ಇವರು ಕಾಶ್ಮೀರದ ರಾಜ ರಾಣಿಯರಾಗಿದ್ದು, ಎಲ್ಲವನ್ನೂ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಕಡಿದು ಮಾರಿ ಬದುಕಿದರೆಂಬುದು ಪರಂಪರೆಯ ಕಥೆ. ಇಬ್ಬರೂ ವಚನಕಾರರು, ಗಂಡನಿಗೆ ತಿಳಿವಳಿಕೆ ಹೇಳಿದವಳೆಂದೇ ಮಹಾದೇವಿಗೆ ಖ್ಯಾತಿ. ಆಯ್ದಕ್ಕಿ ಲಕ್ಕಮ್ಮನೂ ಹಾಗೆಯೇ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಬೇಡ, ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳಂತೆ. ಇವರು ಗಂಡನ ಕೆಲಸಕ್ಕೆ ಬರಿಯ ಕೈಜೋಡಿಸಿದವರಾಗಿರಲಿಲ್ಲ. ಕೆಲಸದಲ್ಲೂ ಮಾತಿನಲ್ಲೂ ಪಾಲುದಾರರಾಗಿದ್ದರು.

ಈ ಲಕ್ಕಮ್ಮನ ಮಾತನ್ನೇ ಹಿಡಿದು ಸಲಕರಣೆಯ ಅಂಗಡಿಗೆ ಹೋಗೋಣ. ಅಲ್ಲಿ ಇಪ್ಪತ್ತು ಮೂವತ್ತು ಸಾಮಾನು ತುಂಬಿದ ಥಳಥಳಿಸುವ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಅದನ್ನು ಕೊಳ್ಳಬೇಡಿ. ಅದರಲ್ಲಿ ಮುಕ್ಕಾಲು ಪಾಲು ತುಕ್ಕು ಹಿಡಿಯುವುದಕ್ಕೇ ಇರುವಂಥದು. ಅದೇ ಹಣಕ್ಕೆ ಮೂರು ನಾಲ್ಕು ಉತ್ತಮ ಸಲಕರಣೆ ಬರುತ್ತವೆ. ಆದರೆ ಅವು ಅವಳ ಅಳತೆಯವಾಗಿರಬೇಕು. ಬಳೆಗಾರ ಕೈ ನೋಡಿಯೇ ಎರಡು-ನಾಲ್ಕೋ ಎರಡು-ಆರೋ ಎಂದು ಅಳತೆ ಆರಿಸುತ್ತಾನೆ. ಹಬ್ಬದ ದಿನ ತೊಡುವ ಬಳೆಗೆ ಇಷ್ಟು ಅಳತೆ ನೋಡುವ ನಾವು, ದಿನವಿಡೀ ಹಿಡಿಯುವ ಕತ್ತಿಗೆ ಯಾವ ಅಳತೆಯನ್ನೂ ನೋಡುವುದಿಲ್ಲ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ತೋರುಬೆರಳನ್ನು ಮುಟ್ಟಬೇಕು. ಮುಟ್ಟದಿದ್ದರೆ ಹಿಡಿ ದಪ್ಪವಾಯಿತೆಂದು ಅರ್ಥ. ಸಂಜೆಗೆ ಮಣಿಕಟ್ಟು ನೋಯುವುದು ಖಂಡಿತ. ಆದುದರಿಂದ ಗುಟ್ಟಾಗಿ ತಂದು ಬೆರಗುಗೊಳಿಸುವ ಆಸೆ ಬಿಟ್ಟು, ಕಮ್ಮಾರನ ಕುಲುಮೆಗೋ ಅಂಗಡಿಗೋ ಅವಳನ್ನೇ ಕರೆದುಕೊಂಡು ಹೋಗುವುದು ಲೇಸು.

ಏನೇನು ಕೊಡಬೇಕು? ಕಾಫಿ ತೋಟದವರು ಮೊದಲು ಕೊಡಬೇಕಾದುದು ಗಿಡ ಸವರುವ ಕತ್ತರಿ, ಅಂದರೆ ನಮ್ಮವರು ಸಿಕೇಟರ್ ಎನ್ನುವುದು. ಎರಡು ಅಲಗುಗಳು ಒಂದರ ಪಕ್ಕ ಒಂದು ಸರಿದು ಕತ್ತರಿಸುವಂಥದನ್ನೇ ಆರಿಸಿ. ಒಂದು ಅಲಗು ಇನ್ನೊಂದರ ಮೇಲೆ ಕುಳಿತು ಒತ್ತುವ ಬಗೆಯದು ಹಸಿ ರೆಕ್ಕೆಯನ್ನು ಜಜ್ಜಿಬಿಡುತ್ತದೆ. ಸಾಮಾನ್ಯವಾಗಿ ಸಿಗುವ 8 ಅಂಗುಲದ ಕತ್ತರಿ ದೊಡ್ಡ ಕೈಗೆ ಸರಿ. ಸಣ್ಣ ಕೈಗೆ 7 ಅಂಗುಲದ್ದು ಹಿತ. ಪೂರ್ತಿ ತೆರೆದಾಗ ಅವಳ ಬೆರಳುಗಳು ಎರಡೂ ಹಿಡಿಗಳನ್ನು ಸಲೀಸಾಗಿ ಬಳಸಬೇಕು. ಹೆಬ್ಬೆರಳಿಗಿಂತ ದಪ್ಪನೆಯ ರೆಂಬೆಗೆ ಕತ್ತರಿ ಹಾಕಕೂಡದು. ಅದಕ್ಕೆ ಬಾಗಿದ ಚಿಕ್ಕ ಗರಗಸ ಬೇಕು.

ಅಡಿಕೆಯವರ ಮನೆಯಲ್ಲಿ ಮೆಟ್ಟುಗತ್ತಿಯ ಮಾತು ಬರುತ್ತದೆ. ಸುಲಿಯಲು ಕುಳಿತ ಹೆಂಗಸು ರಾತ್ರಿ ಬಹಳ ಹೊತ್ತಿನವರೆಗೆ ಅದೇ ಭಂಗಿಯಲ್ಲಿರುತ್ತಾಳೆ. ಮಣೆಯ ಎತ್ತರ, ಅಲಗಿನ ಎತ್ತರ ಎರಡೂ ಅವಳ ಮೈಕಟ್ಟಿಗೆ ಸರಿಯಾಗಿರಬೇಕು. ಭುಜ ಎತ್ತಿಕೊಂಡು ಸುಲಿಯುವಂತಿದ್ದರೆ ಅಲಗು ಎತ್ತರವಾಯಿತು, ಬೆನ್ನು ಬಗ್ಗಿಸಿ ಸುಲಿಯುವಂತಿದ್ದರೆ ತಗ್ಗಾಯಿತು. ಬಡಗಿಗೆ ಇದು ಅರ್ಧ ಗಂಟೆಯ ಕೆಲಸ. ಅವಳಿಗೆ ಹಲವು ವರ್ಷದ ಬೆನ್ನುನೋವಿನ ಪ್ರಶ್ನೆ.

ಬಯಲುಸೀಮೆಯ ಸೊಸೆ ತವರಿನಿಂದ ಕುರ್ಪಿ ತಂದರೆ ನಗಬೇಡಿ. ಮೆಣಸಿನ ಬಳ್ಳಿಯ ಬುಡದಲ್ಲಿ ಗುದ್ದಲಿ ಹಾಕಿದರೆ ಮೇಲುಮಣ್ಣಿನ ಬೇರು ಕಡಿಯುತ್ತದೆ. ಗಾಯವಾದ ಬೇರು ಸೊರಗು ರೋಗಕ್ಕೆ ದಾರಿ. ಅಲ್ಲಿ ಮೆಲ್ಲಗೆ ಕಸ ಕೀಳಲು ಕುರ್ಪಿಯಷ್ಟು ಒಳ್ಳೆಯದು ಬೇರೊಂದಿಲ್ಲ. ನರ್ಸರಿ ಮಡಿಗೂ ಅದೇ ಸರಿ. ದನಗಳಿಗೆ ಹುಲ್ಲು ಕೊಯ್ಯುವವರಿಗೆ ಹಲ್ಲಿನ ಅಲಗಿನ ಹಗುರ ಕುಡುಗೋಲು ಉತ್ತಮ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ‘ನವೀನ್’ ಎಂಬ ಹೆಸರಿನಲ್ಲಿ ಅಂಥದೊಂದನ್ನು ರೂಪಿಸಿದ್ದಾರೆ. ಹೆಂಗಸರ ಮೈಗೆ ಹೊಂದುವ ಸಲಕರಣೆಗಳ ಬಗ್ಗೆ ಅಲ್ಲಿ ಬಹಳ ಕೆಲಸ ನಡೆದಿದೆ. ನಮ್ಮ ಅಂಗಡಿಗಳಿಗೆ ಅದು ಇನ್ನೂ ಸರಿಯಾಗಿ ಬಂದು ತಲುಪಿಲ್ಲ.

ಯಾರಿಗೂ ಹೊಳೆಯದ ಉಡುಗೊರೆ ಒಂದಿದೆ: ಸಾಣೆಕಲ್ಲು. ಕತ್ತಿ ಮೊಂಡಾದಾಗಲೆಲ್ಲ ಗಂಡನನ್ನೋ ಮೈದುನನನ್ನೋ ಕಾಯಬೇಕಾದವಳು ಆ ಕತ್ತಿಯ ಒಡತಿಯಾಗಲಾರಳು. ಒಂದು ಕಲ್ಲು, ಒಂದು ಅರ ಕೊಟ್ಟು, ಮಸೆಯುವುದನ್ನು ಒಂದು ಮಧ್ಯಾಹ್ನ ಕುಳಿತು ಕಲಿಸಿ. ಮೊಂಡು ಕತ್ತಿಯೇ ಹೆಚ್ಚು ಅಪಾಯಕಾರಿ. ಬಲ ಹಾಕಿದಾಗ ಜಾರಿ ಕೈಗೆ ಬೀಳುವುದು ಅದೇ. ಇನ್ನು ಬೂಟು. ಹುಮನಾಬಾದಿನ ಕಡೆಯ ಹುಡುಗಿ ಇಂಬಳವನ್ನು ಕನಸಿನಲ್ಲೂ ಕಂಡಿರುವುದಿಲ್ಲ. ಮೊದಲ ಮಳೆಗಾಲದಲ್ಲಿ ಅವಳು ತೋಟವನ್ನು ಪ್ರೀತಿಸುವುದೂ ದ್ವೇಷಿಸುವುದೂ ಒಂದು ಜೊತೆ ಬೂಟಿನ ಮೇಲೆ ನಿಂತಿರುತ್ತದೆ. ಗಂಡಸರ ಅಳತೆಯ ಬೂಟಿಗೆ ಬಟ್ಟೆ ತುರುಕಿ ಕೊಡುವುದು ಉಡುಗೊರೆಯಲ್ಲ.

ಮೊದಲ ದಿನವೇ ಕೊಡಬಾರದವೂ ಇವೆ. 16 ಲೀಟರಿನ ಬೆನ್ನಿನ ಪಂಪು ತುಂಬಿದಾಗ ಹತ್ತಿರ ಹತ್ತಿರ 20 ಕಿಲೋ ತೂಗುತ್ತದೆ. ಕಳೆ ಕತ್ತರಿಸುವ ಯಂತ್ರಕ್ಕೂ ಸಾಕಷ್ಟು ಭಾರವಿದೆ. ಅವಳಾಗಿ ಕೇಳಿದರೆ ಧಾರಾಳವಾಗಿ ಕೊಡಿಸಿ, ಕಲಿಸಿ. ಕೇಳದೆ ತಂದಿಟ್ಟರೆ ಅದು ಕೆಲಸ ಹೇರುವ ಉಪಾಯದಂತೆ ಕಾಣುತ್ತದೆ, ಹಾಗೆ ಕಂಡರೆ ತಪ್ಪೂ ಇಲ್ಲ.

ಹಿರಿಯರು ಒಂದು ಆಕ್ಷೇಪ ಎತ್ತಬಹುದು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ನೆಲದ ಮೇಲಿಟ್ಟು ಕೊಡಿ, ಅವಳು ಎತ್ತಿಕೊಳ್ಳಲಿ. ಕೈ ಕೊಯ್ಯದಿರುವುದಕ್ಕೂ ಅದೇ ಕ್ಷೇಮ. ಆಯುಧ ಪೂಜೆಯ ದಿನ ಕುಂಕುಮವಿಟ್ಟು ಕೊಟ್ಟರೆ ಯಾರ ಆಕ್ಷೇಪವೂ ಇರಲಾರದು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ, ಅದು ಹೆಂಗಸರದು. ‘ಒಲೆ, ಕೊಟ್ಟಿಗೆ, ಮಕ್ಕಳು ಎಲ್ಲ ನಮ್ಮ ಪಾಲಿಗಿವೆ. ಈಗ ಕತ್ತಿಯನ್ನೂ ಕೊಟ್ಟು ತೋಟಕ್ಕೆ ಅಟ್ಟುತ್ತೀರಾ?’ ಎಂದು ಅವರು ಕೇಳಿದರೆ ನಾವು ಉತ್ತರ ಕೊಡಬೇಕಾಗುತ್ತದೆ. ಲೇಖನದ ಮುಖ್ಯ ಮಾತು ಇಲ್ಲಿಯೇ ಇದೆ. ಫಲ ಕೊಡದೆ ಸಲಕರಣೆ ಮಾತ್ರ ಕೊಟ್ಟರೆ ಅದು ಆಳಿಗೆ ಕೊಟ್ಟಂತೆ. ಆಳಿಗಾದರೂ ಸಂಜೆ ಕೂಲಿ ಸಿಗುತ್ತದೆ.

ಬಸವಕಲ್ಯಾಣ, ಹುಮನಾಬಾದಿನ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆ ದೊಡ್ಡ ಹಬ್ಬ. ಹೆಂಗಸರು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಮಾಡಿ ಹೊಲಕ್ಕೆ ಒಯ್ಯುತ್ತಾರೆ, ಭೂತಾಯಿಗೆ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಹೊಲದೊಂದಿಗೆ ಹೆಣ್ಣಿನ ಸಂಬಂಧ ಅಷ್ಟು ಹತ್ತಿರದ್ದು. ಪಹಣಿ ತೆಗೆದು ನೋಡಿದರೆ ಅಲ್ಲಿಯೂ ಇಲ್ಲಿಯೂ ಹೆಚ್ಚಾಗಿ ಕಾಣುವುದು ಗಂಡಸಿನ ಹೆಸರೇ. 2015-16ರ ಕೃಷಿ ಗಣತಿಯಂತೆ ದೇಶದಲ್ಲಿ ಹೆಂಗಸರ ಕೈಯಲ್ಲಿರುವ ಹಿಡುವಳಿಗಳು ನೂರಕ್ಕೆ ಸುಮಾರು 14. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ದೊರೆತಿದೆ. ಆ ಹಕ್ಕು ಇರುವುದು ತವರಿನ ಹೊಲದಲ್ಲಿ. ಅವಳು ಬೆವರು ಸುರಿಸುವ ಗಂಡನ ತೋಟದಲ್ಲಿ, ಅವನು ಬದುಕಿರುವವರೆಗೆ, ಅವನಾಗಿ ಬರೆದುಕೊಡದ ಹೊರತು ಅವಳ ಹೆಸರಿಗೆ ಒಂದು ಗಿಡವೂ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಕತ್ತರಿಯ ಜೊತೆಗೆ ತೋಟದ ಒಂದು ಮೂಲೆಯನ್ನೂ ಕೊಡಿ. ಇಷ್ಟು ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ನಿನ್ನದು, ಅದರ ಆರೈಕೆ ನಿನ್ನದು, ಮಾರಿದ ಹಣ ನಿನ್ನ ಬ್ಯಾಂಕ್ ಖಾತೆಗೆ ಎಂದು ಹೇಳಿ. ಹೇಳಿದಂತೆ ನಡೆದುಕೊಳ್ಳಿ; ಆ ಹಣದ ಲೆಕ್ಕ ಕೇಳಬೇಡಿ. ಸ್ವಂತ ಸಂಪಾದನೆಯ ಜಮೀನಿದ್ದವರು ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಭಾಗವನ್ನು ದಾನಪತ್ರದ ಮೂಲಕ ಅವಳ ಹೆಸರಿಗೆ ಮಾಡಬಹುದು. ಕುಟುಂಬದವರಿಗೆ ಬರೆಯುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಪಹಣಿಯಲ್ಲಿ ಹೆಸರಿದ್ದವಳು ಬೈಲಾದಂತೆ ಸಂಘದ ಸದಸ್ಯಳಾಗಬಹುದು, ಮಹಾಸಭೆಯಲ್ಲಿ ಕೈ ಎತ್ತಬಹುದು. ಲಕ್ಕಮ್ಮ, ಮಹಾದೇವಿಯರಂತೆ ಒಂದೆರಡು ಖಾರದ ಮಾತು ಹೇಳಿದರೆ ಸಂಘಕ್ಕೂ ಒಳ್ಳೆಯದೇ.

ಇದೆಲ್ಲ ಹೆಂಡತಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಪಟ್ಟಣದ ನೌಕರಿ ಬಿಟ್ಟು ಊರಿಗೆ ಬಂದ ಗಂಡನಿಗೆ, ತೋಟ ಬಲ್ಲ ಹೆಂಡತಿ ಮೊದಲ ಕತ್ತಿ ಕೊಡಿಸುವ ಮನೆಗಳೂ ಇವೆ. ಅಲ್ಲಿಯೂ ನಿಯಮ ಒಂದೇ: ಸ್ವಲ್ಪವೇ ಕೊಡಿ, ಒಳ್ಳೆಯದನ್ನು ಕೊಡಿ, ಕೈ ನೋಡಿ ಕೊಡಿ.

ಕೊನೆಯದಾಗಿ ನಮ್ಮ ಸಂಘದ ಆಡಳಿತ ಮಂಡಳಿಗೆ ಎರಡು ವಿನಂತಿ. ಸಂಘದ ಮಳಿಗೆಯಲ್ಲಿ 7 ಅಂಗುಲದ ಕತ್ತರಿ, ಸಣ್ಣ ಹಿಡಿಯ ಕತ್ತಿ, ಹೆಂಗಸರ ಅಳತೆಯ ಬೂಟು, ಸಾಣೆಕಲ್ಲುಗಳನ್ನು ಮುಂದಿನ ಆಯುಧ ಪೂಜೆಯ ಹೊತ್ತಿಗೆ ತರಿಸಿಡಬೇಕು. ಜಂಟಿ ಖಾತೆ, ದಾನಪತ್ರ ಹಾಗೂ ಸದಸ್ಯತ್ವದ ವಿಷಯದಲ್ಲಿ ಹೆಂಗಸರಿಗೇ ತಿಳಿಸಿ ಹೇಳುವ ಒಂದು ದಿನದ ಶಿಬಿರವನ್ನು, ಕುಯ್ಲಿನ ಗಡಿಬಿಡಿ ಶುರುವಾಗುವ ಮುನ್ನ ಏರ್ಪಡಿಸಬೇಕು. ಮೊದಲನೆಯದಕ್ಕೆ ಹೆಚ್ಚು ಬಂಡವಾಳ ಬೇಡ. ಎರಡನೆಯದಕ್ಕೆ ಬೇಕಾದುದು ನಮ್ಮ ಗಂಡಸರ ಒಪ್ಪಿಗೆ ಮಾತ್ರ.